ಬೈಯುವುದಕ್ಕಷ್ಟೇ ಕನ್ನಡವೇ?

ಮಕ್ಕಳು ದೊಡ್ಡವರಾದದ್ದು ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಮೊದಲು ಗೊತ್ತಾಗುವುದು ಜಗಳದಲ್ಲಿ. ಹತ್ತು ವರ್ಷದವರೆಗೆ ನಾವು ಕನ್ನಡದಲ್ಲಿ ಬೈದರೆ ಅವರೂ ಕನ್ನಡದಲ್ಲೇ ಅಳುತ್ತಾರೆ. ಹದಿಮೂರಕ್ಕೆ ಬೈಗುಳ ಕನ್ನಡದಲ್ಲಿ ಹೋಗಿ ಉತ್ತರ ಹಿಂದಿಯಲ್ಲಿ ಬರುತ್ತದೆ. ಹದಿನಾರಕ್ಕೆ ಇಂಗ್ಲಿಷ್. ಅಲ್ಲಿಗೆ ನಾವು ಸೋತಂತೆಯೇ. ತಕ್ಕ ಪದ ಹುಡುಕುವಷ್ಟರಲ್ಲಿ ಕೋಣೆಯ ಬಾಗಿಲು ಹಾಕಿರುತ್ತದೆ.

ಠಾಣೆ, ಕಲ್ಯಾಣ, ನೆರೂಳ್, ಎಲ್ಲಿಯ ಗೆಳತಿಯರನ್ನು ಕೇಳಿದರೂ ಇದೇ ಕಥೆ. ಮಕ್ಕಳನ್ನು ದೂರುವುದು ಸುಲಭ. ಶಾಲೆಯದು ಇಂಗ್ಲಿಷ್ ಮಾಧ್ಯಮ, ಬಿಲ್ಡಿಂಗಿನ ಕೆಳಗೆ ಆಡುವಾಗ ಮರಾಠಿ, ಟಿವಿಯಲ್ಲಿ ಹಿಂದಿ. 2020ರ ಕಾಯ್ದೆಯಿಂದ ಮಹಾರಾಷ್ಟ್ರದಲ್ಲಿ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಇಲ್ಲಿ ಬದುಕುವ ಮಕ್ಕಳಿಗೆ ಅದು ಬೇಕು, ನನಗೆ ತಕರಾರಿಲ್ಲ. ಆದರೆ ಕನ್ನಡದ ಪಾಲಿಗೆ ಉಳಿಯುವುದು ಅಪ್ಪ ಅಮ್ಮನ ಬಾಯಿ ಮಾತ್ರ. ಆ ಬಾಯಿಯೋ, ಸಿಎಸ್‌ಎಂಟಿಯಿಂದ ಸುಮಾರು 48 ಕಿಲೋಮೀಟರ್ ಲೋಕಲ್‌ನಲ್ಲಿ ನಿಂತುಕೊಂಡು ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಗುತ್ತದೆ: “ಹೋಮ್‌ವರ್ಕ್ ಆಯ್ತಾ? ಒದ್ದೆ ಟವೆಲ್ ಹಾಸಿಗೆ ಮೇಲೆ ಯಾಕೆ? ಮೊಬೈಲ್ ಕೆಳಗಿಡು.” ಮಗು ದಿನವಿಡೀ ಕೇಳುವ ಕನ್ನಡ ಇಷ್ಟೇ. ವಿಚಾರಣೆಗೆ ಮೀಸಲಾದ ಭಾಷೆಯನ್ನು ಯಾರು ತಾನೇ ಹಚ್ಚಿಕೊಳ್ಳುತ್ತಾರೆ?

ಅದಕ್ಕಿಂತ ಕೆಟ್ಟದ್ದು ನೆಂಟರೆದುರಿನ ಪರೀಕ್ಷೆ. “ಕನ್ನಡದಲ್ಲಿ ಏನಾದ್ರೂ ಹೇಳು ಪುಟ್ಟಿ” ಎನ್ನುತ್ತೇವೆ, ಹೇಳಿದರೆ ಎಲ್ಲರೂ ನಗುತ್ತೇವೆ. ನಗು ಬರುವಂಥದ್ದೇ ಅನ್ನಿ. ಮರಾಠಿಯಲ್ಲಿ ‘ತಾಈ’ ಎಂದರೆ ಅಕ್ಕ, ‘ಕೇಳಿ’ ಎಂದರೆ ಬಾಳೆಹಣ್ಣು. “ಇಬ್ಬರೂ ಇಲ್ಲಿ ಕೇಳಿ” ಎಂದು ನಮ್ಮನೆಯವರು ಗಂಭೀರವಾಗಿ ಶುರುಮಾಡಿದರೆ “ಡಜನ್‌ಗೆ ಎಷ್ಟಪ್ಪಾ?” ಎಂದು ಮಗ ಕೇಳುವುದು ನಮ್ಮಲ್ಲಿ ಹಳೆಯ ಜೋಕು. ಇಂಥ ಜೋಕು ಮಾಡಬೇಕಾದರೆ ಎರಡೂ ಭಾಷೆ ಬರಬೇಕು. ಅದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಹಿಂದೆ ನಮಗೆ ಬೇಸಿಗೆ ರಜೆಯೇ ಕನ್ನಡ ಶಾಲೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ಆದಮೇಲಂತೂ ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಮಲಗಿದರೆ ಏಳುವಾಗ ಕುಂದಾಪುರ. ಅಜ್ಜಿಯ ಹತ್ತಿರ ಒಂದು ತಿಂಗಳಿದ್ದ ಮಕ್ಕಳು ವಾಪಸು ಬಂದು ವಾಚ್‌ಮನ್‌ಗೂ ‘ಹ್ವಾಯ್’ ಎನ್ನುತ್ತಿದ್ದರು. ಮಗಳ ಒಂಬತ್ತನೇ ತರಗತಿ ಮುಗಿದ ಬೇಸಿಗೆಯಿಂದ ಕೋಚಿಂಗ್ ಕ್ಲಾಸು. ಊರು ನಾಲ್ಕು ದಿನಕ್ಕಿಳಿಯಿತು. ಫೋನಿನಲ್ಲಿ ಅಜ್ಜಿ ಮೊಮ್ಮಗಳ ಮಾತು ‘ಊಟ ಆಯ್ತಾ’ದಲ್ಲಿ ಶುರುವಾಗಿ ಅಲ್ಲೇ ಮುಗಿಯತೊಡಗಿತು. ನನ್ನ ಚಿಂತೆ ಇದೇ. ಕಾದಂಬರಿ ಓದದಿದ್ದರೆ ಹೋಗಲಿ, ಮುಂದೆ ಯಾವತ್ತಾದರೂ ಓದಿಕೊಂಡಾರು. ಎಂಬತ್ತು ದಾಟಿದ ಅತ್ತೆಯವರು ಮಾತ್ರ ಅಲ್ಲಿಯವರೆಗೆ ಕಾಯಲಾರರು, ಅವರಿಗೆ ಬೇರೆ ಭಾಷೆಯೂ ಬಾರದು.

ಹಾಗಾಗಿ ನನ್ನ ಸಲಹೆ: ಬೆಳೆದ ಮಕ್ಕಳ ಜೊತೆ ಕನ್ನಡದಲ್ಲಿ ಹರಟೆ ಹೊಡೆಯಿರಿ. ಸಂಘದ ಕಾರ್ಯಕ್ರಮಕ್ಕೆ ಎಳೆದೊಯ್ಯುವುದು ಆಮೇಲೆ. ಸೊಸೈಟಿ ಸೆಕ್ರೆಟರಿಯ ಬಿಗುಮಾನ, ಮನೆಸಾಲದ ಕಂತು, ಯಾರ ಮದುವೆ ಯಾಕೆ ಮುರಿಯಿತು, ಇಷ್ಟು ದಿನ ಅವರನ್ನು ಆಚೆ ಕಳಿಸಿ ಆಡುತ್ತಿದ್ದ ಮಾತನ್ನೆಲ್ಲ ಈಗ ಅವರೊಂದಿಗೇ ಆಡಿ. ಹದಿಹರೆಯದವರಿಗೆ ಗುಟ್ಟು ಎಂದರೆ ಪ್ರಾಣ. ಕಿಕ್ಕಿರಿದ ಲೋಕಲ್‌ನಲ್ಲಿ ಗುಟ್ಟು ಮಾತಾಡಲು ಕನ್ನಡದಂಥ ಭಾಷೆ ಇಲ್ಲ.

ಒಂದೇ ಎಚ್ಚರಿಕೆ. ನಮ್ಮ ಕಡೆಯ ಲೇಡೀಸ್ ಡಬ್ಬಿಯಲ್ಲಿ ಅದು ಪೂರ್ತಿ ಗುಟ್ಟೇನಲ್ಲ. ಎದುರು ಕೂತವರ ನೇಲ್ ಪಾಲಿಶ್ ಬಗ್ಗೆ ಮಗಳು ನನ್ನ ಕಿವಿಯಲ್ಲಿ, ಸ್ವಲ್ಪ ಜೋರಾಗಿಯೇ, ಏನೋ ಅಂದಳು. ಠಾಣೆಯಲ್ಲಿ ಇಳಿಯುವಾಗ ಅವರು ಬಗ್ಗಿ, “ನಂಗೂ ಈ ಬಣ್ಣ ಇಷ್ಟ ಆಗ್ಲಿಲ್ಲ ಮಾರಾಯ್ತಿ” ಎಂದು ಹೇಳಿ ಹೋದರು. ಮುಲುಂಡ್ ದಾಟುವವರೆಗೆ ಮಗಳು ತಲೆ ಎತ್ತಲಿಲ್ಲ. ರಾತ್ರಿ ತಾನಾಗಿಯೇ ಅಜ್ಜಿಗೆ ಫೋನ್ ಹಚ್ಚಿ ಈ ಕಥೆ ಹೇಳಿದಳು, ಅಲ್ಲಲ್ಲಿ ಮರಾಠಿ ಬೆರೆಸಿ, ಇಪ್ಪತ್ತು ನಿಮಿಷ.