ಚಕ್ರ ಒಡೆದವರು ಯಾರು, ದಂಡ ಕಟ್ಟುವವರು ಯಾರು?



ಮಕ್ಕಳಿಗೆ ನಾವು ಬರೆಸುವ ದೂರು ಪತ್ರಗಳು ನಿಮಗೆಲ್ಲ ಗೊತ್ತು. ಬೀದಿ ದೀಪ ಉರಿಯುತ್ತಿಲ್ಲ ಎಂದು ಪಂಚಾಯಿತಿಗೆ, ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಎಂದು ಡಿಪೋ ಮ್ಯಾನೇಜರಿಗೆ. ಇಂದ, ಗೆ, ಮಾನ್ಯರೇ, ವಿಷಯ ಎಲ್ಲವೂ ಜಾಗದಲ್ಲಿದ್ದರೆ ಐದಕ್ಕೆ ಐದು ಅಂಕ. ಆದರೆ ನಮಗೇ ಅನ್ಯಾಯವಾದಾಗ ನಾವು ಅಂಥದ್ದೊಂದು ಪತ್ರ ಬರೆದದ್ದುಂಟೇ? ಎದೆ ಮುಟ್ಟಿ ಹೇಳಿ. ಸ್ಟಾಫ್ ರೂಮಿನಲ್ಲಿ ಬೈದು ಸುಮ್ಮನಾಗುತ್ತೇವೆ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎನ್ನುವ ಜಾಣರು ನಾವು.

ಈ ಮಾತು ಯಾಕೆ ಬಂತೆಂದರೆ, ನಮ್ಮ ಸಹೋದ್ಯೋಗಿಯೊಬ್ಬರು ಸಾಲ ಮಾಡಿ ಕಾರು ಕೊಂಡಿದ್ದರು. ರಾಯದುರ್ಗದಿಂದ ಗಡಿಯಾಚೆಯ ಊರಿನ ಡೀಲರ್ ಬಳಿ ಸರ್ವಿಸ್‌ಗೆ ಬಿಟ್ಟರು. ಮುಂದಿನ ಎರಡೂ ಟೈರು ಬದಲಿಸಿ, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿದರು. ಸಂಜೆ ಕತ್ತಲಾಗುವ ಹೊತ್ತಿಗೆ ಬಿಲ್ಲು ಕಟ್ಟಿ ಗಾಡಿ ತಂದರು. ಬೆಳಿಗ್ಗೆ ನೋಡಿದರೆ ಬಲಗಡೆಯ ಮುಂದಿನ ಹೊಸ ಟೈರಿನಲ್ಲಿ ಗಾಳಿಯೇ ಇಲ್ಲ! ಬಗ್ಗಿ ನೋಡಿದರೆ ಅಲಾಯ್ ಚಕ್ರದ ಅಂಚಿನಲ್ಲಿ ಹೆಬ್ಬೆರಳುದ್ದ ಚಕ್ಕೆ ಎದ್ದಿದೆ, ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ನಮ್ಮೂರ ಪಂಕ್ಚರ್ ಅಂಗಡಿಯವರು ನೋಡಿದ ತಕ್ಷಣ ಹೇಳಿದರು: "ಟೈರು ಬಿಚ್ಚುವ ಮಷೀನಿನ ಏಟು ಸಾರ್ ಇದು. ಹೊಸ ಗಾಯ, ನೋಡಿ, ಒಳಗೆ ಧೂಳೂ ಕೂತಿಲ್ಲ." ಟ್ಯೂಬ್‌ಲೆಸ್ ಟೈರಿಗೆ ಚಕ್ರದ ಅಂಚೇ ಗಾಳಿ ತಡೆಯುವ ಕಟ್ಟೆ. ಕಟ್ಟೆ ಒಡೆದರೆ ಕೆರೆಯಲ್ಲಿ ನೀರು ನಿಂತೀತೇ? ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಗಾಳಿ ಇಳಿದಿದ್ದರೆ ಗತಿಯೇನು?

ಮರುದಿನ ಅವರ ಜೊತೆ ನಾವೂ ಹೋದೆವು. ಸರ್ವಿಸ್ ಅಡ್ವೈಸರ್ ನಾಲ್ಕು ಮಾತು ಹೇಳಿದರು. ಒಂದು, ಇದು ಮೊದಲೇ ಇತ್ತು. ಎರಡು, ನೀವು ಜಾಬ್ ಕಾರ್ಡಿಗೆ ಸಹಿ ಮಾಡಿದ್ದೀರಿ, 'ಮಾಲೀಕರದೇ ಜವಾಬ್ದಾರಿ' ಎಂದು ಅದರಲ್ಲಿ ಇದೆ. ಮೂರು, ನಿಮ್ಮದು ಎ.ಪಿ. ನಂಬರಿನ ಗಾಡಿ, ದೂರಿದ್ದರೆ ನಿಮ್ಮ ಕಡೆಯೇ ನೋಡಿಕೊಳ್ಳಿ. ನಾಲ್ಕನೆಯದು ನಮ್ಮನ್ನು ನಿಜಕ್ಕೂ ಕುಗ್ಗಿಸಿತು: "ನೀವು ಬರೆದು ಕೊಟ್ಟರೆ ಕೆಲಸದ ಹುಡುಗನ ಸಂಬಳದಲ್ಲಿ ಹಿಡೀತೀವಿ ಸಾರ್. ಪಾಪ, ಬಡವರ ಹುಡುಗ."

ಒಂದೊಂದಕ್ಕೂ ಉತ್ತರ ಹೇಳೋಣ.

ಮೊದಲನೆಯದು. ಗಾಡಿ ಒಪ್ಪಿಸಿಕೊಳ್ಳುವಾಗ ಅವರೇ ಜಾಬ್ ಕಾರ್ಡಿನ ಮೇಲಿನ ಕಾರಿನ ಚಿತ್ರದಲ್ಲಿ ಗೀರು, ತಗ್ಗು ಇರುವ ಕಡೆ ಗುರುತು ಹಾಕಿದ್ದರು. ಹಿಂದಿನ ಬಂಪರಿನ ಸಣ್ಣ ಗೀರಿಗೂ ಗುರುತಿದೆ. ಚಕ್ರಗಳ ಮೇಲೆ ಒಂದು ಚುಕ್ಕೆಯೂ ಇಲ್ಲ! ಅವರ ಕಾಗದವೇ ನಮ್ಮ ಸಾಕ್ಷಿ. ಆದರೆ ನಾಚಿಕೆಯ ಸಂಗತಿಯೆಂದರೆ, ಬಿ.ಎ. ಓದಿದ ನಾವು ಆ ಕಾಗದ ಬಿಡಿಸಿ ನೋಡಿದ್ದು ಎರಡು ದಿನ ಕಳೆದ ಮೇಲೆ. ಇಂಗ್ಲಿಷಿನಲ್ಲಿದೆ ಎಂದು ಓದದೆ ಸಹಿ ಹಾಕಿದ್ದರು ನಮ್ಮ ಮೇಷ್ಟ್ರು. ಓದದೆ ಹೆಬ್ಬೆಟ್ಟು ಒತ್ತುವವರನ್ನು ಅನಕ್ಷರಸ್ಥರು ಎನ್ನುತ್ತೇವೆ. ಓದಬಲ್ಲವರು ಓದದೆ ಸಹಿ ಹಾಕಿದರೆ ಏನೆನ್ನಬೇಕು?

ಎರಡನೆಯದು. ರಿಪೇರಿಗೆ ಬಿಟ್ಟ ವಸ್ತು ನಂಬಿ ಒಪ್ಪಿಸಿದ ವಸ್ತು. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರಿಕೆಯಿಂದ ಅದನ್ನು ನೋಡಿಕೊಳ್ಳಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮೇ ಹೇಳುತ್ತದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನವರ ಕೈಗೆ ಅತಿಥಿಯೊಬ್ಬರು ಕೀಲಿ ಕೊಟ್ಟು ನಿಲ್ಲಿಸಿದ ಮಾರುತಿ ಜೆನ್ ಕಾರು ಕಳುವಾಯಿತು. ಚೀಟಿಯಲ್ಲಿ ಮಾಲೀಕರದೇ ಜವಾಬ್ದಾರಿ ಎಂದು ಅಚ್ಚಾಗಿದೆ ಎಂದಿತು ಹೋಟೆಲು. ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ಆ ಮಾತು ಒಪ್ಪಲಿಲ್ಲ. ತಮ್ಮ ಅಲಕ್ಷ್ಯದ ಹೊಣೆಯಿಂದ ಅಂಥ ಒಂದು ಸಾಲು ಅಚ್ಚು ಹಾಕಿ ತಪ್ಪಿಸಿಕೊಳ್ಳಲಾಗದು ಎಂದಿತು. ಅಷ್ಟು ದೊಡ್ಡ ಹೋಟೆಲಿಗೆ ದಕ್ಕದ ನೆಪ ಕಾರು ಡೀಲರಿಗೆ ದಕ್ಕೀತೇ?

ಮೂರನೆಯದು ಗಡಿಯವರಾದ ನಮಗೆಲ್ಲ ತಾಗುವ ಮಾತು. ರಾಯದುರ್ಗದವರು ಬಳ್ಳಾರಿಗೆ, ಮಡಕಶಿರಾದವರು ಶಿರಾ, ತುಮಕೂರಿಗೆ ಹೋಗಿ ವ್ಯಾಪಾರ ಮಾಡುವುದು ಇಂದು ನಿನ್ನೆಯದಲ್ಲ. ದುಡ್ಡು ಎಣಿಸಿಕೊಳ್ಳುವಾಗ ನಾವು ಕನ್ನಡದ ಬಂಧುಗಳು, ದೂರು ಹೇಳುವಾಗ ಆಂಧ್ರದವರು! 1986ರ ಹಳೆಯ ಗ್ರಾಹಕ ಕಾಯ್ದೆಯಲ್ಲಿ ಎದುರುದಾರರು ಇರುವ ಕಡೆಗೋ ಘಟನೆ ನಡೆದ ಕಡೆಗೋ ಹೋಗಿ ದೂರು ಹಾಕಬೇಕಿತ್ತು. ರಜೆ ಹಾಕಿ ಗಡಿ ದಾಟಿ ಅಲೆಯುವವರು ಯಾರು ಎಂದು ಎಷ್ಟೋ ಜನ ಕೈಬಿಟ್ಟರು. ಆದರೆ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರರು ವಾಸವಿರುವ ಅಥವಾ ದುಡಿಯುವ ಕಡೆಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಯಾವುದಾದರೂ ಹಕ್ಕು ಒಂದೇ. ನಿಮ್ಮ ಕಡೆಯೇ ನೋಡಿಕೊಳ್ಳಿ ಎಂದರಲ್ಲವೇ? ಸಂತೋಷ, ಹಾಗೇ ಆಗಲಿ!

ನಾಲ್ಕನೆಯದು. ಆ ಹುಡುಗ ನಮ್ಮಂಥ ಶಾಲೆಯಲ್ಲೇ ಓದಿದವನಿರಬಹುದು. ಅವನ ಅನ್ನ ಕಸಿಯುವ ಆಸೆ ನಮಗಿಲ್ಲ. ಆದರೆ ಬಿಲ್ಲು ಕಟ್ಟಿದ್ದು ಹುಡುಗನಿಗಲ್ಲ, ಸಂಸ್ಥೆಗೆ. ಲಾಭ ಸಂಸ್ಥೆಗೆ, ನಷ್ಟ ಹುಡುಗನಿಗೆ ಎಂಬುದು ಯಾವ ನ್ಯಾಯ? ಹಿಂದೆ ನಮ್ಮ ಹಳ್ಳಿಗಳಲ್ಲಿ ಕಮ್ಮಾರರು ಬಂಡಿ ಗಾಲಿಗೆ ಕಬ್ಬಿಣದ ಹಳಿ ಕಾಯಿಸಿ ಹಾಕುತ್ತಿದ್ದರು. ಹಳಿ ಸಡಿಲವಾದರೆ ತಿದಿ ಒತ್ತುವ ಹುಡುಗನನ್ನು ಮುಂದೆ ನಿಲ್ಲಿಸುತ್ತಿರಲಿಲ್ಲ. ಮತ್ತೆ ಕಾಯಿಸಿ ಸರಿಯಾಗಿ ಹಾಕಿಕೊಡುತ್ತಿದ್ದರು. ಕುಲುಮೆಗೆ ಇದ್ದ ಮರ್ಯಾದೆ ಎ.ಸಿ. ಹಾಕಿದ ಶೋರೂಮಿಗೆ ಬೇಡವೇ?

ಮುಂದೇನಾಯಿತು? ಸ್ಟಾಫ್ ರೂಮಿನಲ್ಲಿ ಕೂತು ಪತ್ರ ಬರೆದೆವು. ಕನ್ನಡದಲ್ಲೇ. ಜಾಬ್ ಕಾರ್ಡ್, ಬಿಲ್ಲು, ಫೋಟೋಗಳ ಪ್ರತಿ ಇಟ್ಟು, ಹದಿನೈದು ದಿನ ಗಡುವು ಕೊಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ವಾರದಲ್ಲಿ ಫೋನು ಬಂತು: ಅರ್ಧ ದುಡ್ಡು ಕೊಡಿ, ಚಕ್ರ ಹಾಕಿಕೊಡುತ್ತೇವೆ. ನಮ್ಮ ಮೇಷ್ಟ್ರು "ಹೋಗಲಿ ಬಿಡಿ, ಒಪ್ಪಿಕೊಳ್ಳೋಣ" ಎಂದರು. ನಾವು ಬೇಡವೆಂದೆವು. ಕೊನೆಗೆ ಹೊಸ ಚಕ್ರ ಬಂತು, ಜೊತೆಗೆ ಒಂದು ಕಾಗದವೂ ಬಂತು. ತಪ್ಪು ನಮ್ಮದಲ್ಲ, ಔದಾರ್ಯದಿಂದ ಕೊಟ್ಟಿದ್ದೇವೆ, ಸಹಿ ಮಾಡಿ ಎಂದು. ಈ ಸಲ ಮೇಷ್ಟ್ರು ಓದಿದರು. ಆ ಸಾಲು ಹೊಡೆದುಹಾಕಿ 'ಚಕ್ರ ತಲುಪಿದೆ' ಎಂದಷ್ಟೇ ಬರೆದು ಸಹಿ ಮಾಡಿದರು. ಬಾಕಿ ತೀರಿಸಿದ್ದು ದಾನವಲ್ಲ, ಸ್ವಾಮಿ!

ಚಕ್ರ ಬರದೇ ಹೋಗಿದ್ದರೂ ದಾರಿಯಿತ್ತು. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಆಯೋಗ. ನಾವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಗಾಡಿ ಬಿಡುವಾಗ ನಾಲ್ಕೂ ಚಕ್ರಗಳ ಫೋಟೋ ತೆಗೆಯಿರಿ. ಬೆಳಕಿರುವಾಗಲೇ ಗಾಡಿ ಬಿಡಿಸಿಕೊಳ್ಳಿ, ಗೇಟು ದಾಟುವ ಮುಂಚೆ ಸುತ್ತು ಹಾಕಿ ನೋಡಿ. ಜಾಬ್ ಕಾರ್ಡು ಓದಿ, ಅರ್ಥವಾಗದ ಸಾಲನ್ನು ಓದಿಸಿ ಕೇಳಿ.

ಮುಂದಿನ ಸಲ ಪತ್ರ ಲೇಖನದ ಪಾಠಕ್ಕೆ ನಾವು ಈ ಪತ್ರವನ್ನೇ ತರಗತಿಗೆ ಒಯ್ಯುತ್ತೇವೆ. ಕನ್ನಡ ಓದಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವ ಪೋಷಕರು ನಮ್ಮಲ್ಲೂ ಇದ್ದಾರೆ. ಕನ್ನಡದಲ್ಲಿ ಬರೆದ ಒಂದು ಪತ್ರ ಒಂದು ಚಕ್ರ ತಂದುಕೊಟ್ಟಿತು ಎಂದು ಅವರಿಗೆ ಹೇಳುತ್ತೇವೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ. ಡೀಲರು ಕೊಡುತ್ತಾರೆಯೇ?