ಹಿತ್ತಿಲ ಗಿಡ ಮದ್ದಲ್ಲವೆ?

ಹೋದ ಮಾಘಮಾಸದಲ್ಲಿ ನಮ್ಮ ಮಾಲೂರಿನ ವಿದ್ಯಾವಂತರಾದ ಗೃಹಸ್ಥರೊಬ್ಬರು ತಮ್ಮ ಹಿತ್ತಿಲ ಹೊಂಗೆಯ ಮರವನ್ನು ಬುಡಕ್ಕೆ ಕಡಿಸಿದರು. ಕಾರಣವೇನೆಂದು ಕೇಳಲು, "ದಿನವೂ ಒಂದು ಮಂಕರಿ ತರಗೆಲೆ, ಮರವೂ ಒಣಗುತ್ತ ಬಂದಿತ್ತು, ಮೇಷ್ಟ್ರೇ" ಎಂದರು. ಮರವು ಒಣಗುತ್ತಿರಲಿಲ್ಲ. ಹೊಂಗೆಯು ಶಿಶಿರದಲ್ಲಿ ಹಳೆಯ ಎಲೆಯನ್ನು ಚೆಲ್ಲಿ ಯುಗಾದಿಯ ವೇಳೆಗೆ ಹೊಸ ಎಲೆಯನ್ನು ತಳೆಯುವುದೆಂಬುದನ್ನು, ಆ ಮನೆಯಲ್ಲಿ ಇಪ್ಪತ್ತು ವರ್ಷ ವಾಸವಾಗಿದ್ದೂ ಅವರು ಗಮನಿಸಿರಲಿಲ್ಲ. ಅವರ ಮಗನಿಗೆ ಹತ್ತು ವಯಸ್ಸು. ಪರಿಸರ ಅಧ್ಯಯನದಲ್ಲಿ ಆತನಿಗೆ ನೂರಕ್ಕೆ ತೊಂಬತ್ತು ಅಂಕಗಳು ಬಂದಿವೆಯಂತೆ!

ಇಂಥ ಅಜ್ಞಾನಕ್ಕೆ ಶಾಲೆಯನ್ನು ದೂರುವುದು ಈಗಿನ ವಾಡಿಕೆ. ಉಪಾಧ್ಯಾಯನಾಗಿದ್ದ ನಾನು ಆ ದೂರನ್ನು ಒಪ್ಪತಕ್ಕವನಲ್ಲ. ದೋಷವು ಮನೆಯದು. ಹುಣಿಸೆಯ ಎಲೆ ಮಡಿಚಿಕೊಳ್ಳುವುದು ದೀಪ ಹಚ್ಚುವ ಹೊತ್ತಿಗೆ; ಆಗ ಶಾಲೆಗೆ ಬೀಗ. ಹೊಂಗೆಯು ಹೂ ಸುರಿಸುವುದು ಬೇಸಗೆಯಲ್ಲಿ, ಆಗ ರಜೆ. ಆ ಹೂವಿನ ಕಾಯಿ ಬಲಿತು ಬೀಳಲು ಸುಮಾರು ಹತ್ತು ತಿಂಗಳು ಬೇಕು. ಅಷ್ಟರಲ್ಲಿ ಮಗುವು ಮುಂದಿನ ತರಗತಿಗೆ ಹೋಗಿ ಬೇರೊಬ್ಬರ ಕೈಸೇರಿರುತ್ತದೆ. ನಲವತ್ತು ನಿಮಿಷದ ಪೀರಿಯಡ್ಡಿಗೆ ಒಗ್ಗುವಂತೆ ಯಾವ ಮರವೂ ಬೆಳೆಯದು.

ನಾನೂ ನಿರ್ದೋಷಿಯಲ್ಲ. ಪಾಠಶಾಲೆಯಲ್ಲಿ ಅಮರಕೋಶದ ವನೌಷಧಿವರ್ಗವನ್ನು ಕಂಠಪಾಠ ಮಾಡಿ ನಕ್ತಮಾಲ, ಕರಂಜ ಎಂದು ಒಪ್ಪಿಸುತ್ತಿದ್ದೆನು. ಕುಳಿತಿದ್ದುದು ಹೊಂಗೆಯ ನೆರಳಿನಲ್ಲಿ. ಆ ಕರಂಜವೇ ಈ ಹೊಂಗೆಯೆಂದು ಯಾರೂ ಬೆರಳೆತ್ತಿ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಹೊಂಗೆಯೆಣ್ಣೆಯ ದೀಪ ಹಚ್ಚುತ್ತಿದ್ದ ನಮ್ಮ ಅಜ್ಜಿಗೆ ಮರವು ಗೊತ್ತಿತ್ತು. ನನಗೆ ಪರ್ಯಾಯಪದಗಳು ಗೊತ್ತಿದ್ದವು.

"ನಮಗೇ ತಿಳಿಯದು, ಮಕ್ಕಳಿಗೇನು ಹೇಳೋಣ?" ಎಂಬುದು ತಂದೆತಾಯಿಗಳ ಆಕ್ಷೇಪ. ಹೇಳಬೇಡಿರಿ, ಮಕ್ಕಳೊಡನೆ ಕೂಡಿ ನೋಡಿರಿ. ಹೊಂಗೆಯ ಒಂದು ಎಲೆಯನ್ನು ತಾರೆಂದರೆ ಮಗುವು ಒಂದು ದಳವನ್ನು ಕಿತ್ತು ತರುವುದು. ವಾಸ್ತವವಾಗಿ ಒಂದೇ ಕಡ್ಡಿಯಲ್ಲಿರುವ ಐದೋ ಏಳೋ ದಳಗಳೆಲ್ಲ ಕೂಡಿ ಒಂದು ಎಲೆ. ಚಿಗುರುವ ಮೊಗ್ಗು ಇರುವುದು ಆ ಕಡ್ಡಿಯ ಬುಡದಲ್ಲಿಯೇ ಹೊರತು ದಳಗಳ ಬುಡದಲ್ಲಲ್ಲ. ಇದನ್ನು ಕಾಣಲು ಪದವಿ ಬೇಕೆ? ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವುದು ಎಷ್ಟೋ ವೇಳೆ ಚಿಟ್ಟೆಯ ಮರಿಹುಳು. ಬೆಳೆದಂತೆ ಅದು ಹಸುರಾಗುವುದು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದನ್ನು ಚಾಚಿ ಘಾಟು ವಾಸನೆ ಬೀರುವುದು. ಅದನ್ನು ಕೆಡವಿ ತುಳಿಯುವ ಬದಲು ಒಂದು ರೆಂಬೆಯನ್ನು ಅದಕ್ಕೆ ಬಿಟ್ಟುಕೊಟ್ಟರೆ, ಕೆಲವು ವಾರಗಳಲ್ಲಿ ಮನೆಮಂದಿಯೆಲ್ಲ ಕೋಶದಿಂದ ಚಿಟ್ಟೆ ಹೊರಡುವುದನ್ನು ಕಾಣಬಹುದು. ಒಗ್ಗರಣೆಗೆ ನಾಲ್ಕು ಎಲೆ ಕಡಮೆಯಾದೀತು, ಆಗಲಿ.

ಇದು ಪರೀಕ್ಷೆಗೆ ಬಾರದ ವಿಷಯವೆಂಬ ಇನ್ನೊಂದು ಆಕ್ಷೇಪಕ್ಕೆ ನಾನು ಉತ್ತರ ಕೊಡಲಾರೆನು.

ನಮ್ಮ ನೆರೆಯ ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರ ಪುತ್ರರಾದ ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರವನ್ನು ನಗುನಗುತ್ತ ಓದುವಂತೆ ಕನ್ನಡಕ್ಕೆ ತಂದರು. ಅವರ 'ಹಸುರು ಹೊನ್ನು' ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆ ಗ್ರಂಥವು ನಮ್ಮ ಎಷ್ಟೋ ಮನೆಗಳ ಗಾಜಿನ ಬೀರುವಿನಲ್ಲಿದೆ. ಬೀರುವಿನ ಪಕ್ಕದ ಕಿಟಕಿಯನ್ನು ತೆರೆದು ನೋಡುವವರು ವಿರಳ. ಹಿತ್ತಿಲ ಗಿಡ ಮದ್ದಲ್ಲವೆಂದು ಹಿರಿಯರು ನಮ್ಮ ತಾತ್ಸಾರವನ್ನು ಹಳಿದು ಗಾದೆ ಕಟ್ಟಿದರು. ನಾವು ಅದನ್ನು ವಿಧಿಯೆಂದು ಪಾಲಿಸುತ್ತಿದ್ದೇವೆ. ಇನ್ನು ಊರ ಹೊರಗೆ ಹೋದರೆ ಮಗುವಿಗೆ ಕಾಣುವುದು ನೀಲಗಿರಿಯ ಸಾಲು. ಅದನ್ನು ಹೊಸದಾಗಿ ನೆಡಕೂಡದೆಂದು ಸರ್ಕಾರವು ೨೦೧೭ರಲ್ಲಿ ಆಜ್ಞೆ ಮಾಡಿತು. ಆ ಆಜ್ಞೆಯ ಅರ್ಥವನ್ನು ಮಗುವು ತಿಳಿಯಬೇಕಾದರೆ, ಹೋಲಿಸಿ ನೋಡಲು ಮನೆಯಲ್ಲಿ ಒಂದು ಹೊಂಗೆಯಾದರೂ ಇರಬೇಡವೆ?

ಮೊನ್ನೆ ಆ ಗೃಹಸ್ಥರ ಮನೆಯ ಮುಂದೆ ಹಾದುಹೋಗುವಾಗ, ಕಡಿದ ಮೋಟಿನ ಸುತ್ತ ಚಿಗುರು ಎದ್ದಿತ್ತು. ಹುಡುಗನು ಅದರ ಬಳಿ ಕುಳಿತಿದ್ದನು. "ಇದು ಸತ್ತಿರಲಿಲ್ಲವಾ, ತಾತ?" ಎಂದು ಕೇಳಿದನು. "ನಿಮ್ಮ ತಂದೆಯವರನ್ನು ಕರೆದುಕೊಂಡು ಬಂದು ತೋರಿಸಪ್ಪ" ಎಂದು ಹೇಳಿ ಬಂದೆನು. ಸಿಮೆಂಟು ಹಾಸುವುದಕ್ಕೆ ಜಲ್ಲಿಯು ಆಗಲೇ ಬಂದು ಬಿದ್ದಿತ್ತು.