ನೀರು ಬರಿದಾದ ಬಯಲಲ್ಲ

ಕೇಂದ್ರದ ಉಡಾನ್ ಯೋಜನೆಯಡಿ ಸೀಪ್ಲೇನ್ ಇಳಿಸಲು ಪರಿಗಣಿಸಲಾದ ಕರ್ನಾಟಕದ ಜಲತಾಣಗಳ ಪಟ್ಟಿಯಲ್ಲಿ ಕಾಳಿ ನದಿ, ಲಿಂಗನಮಕ್ಕಿ, ಆಲಮಟ್ಟಿಗಳ ಹೆಸರುಗಳಿವೆ. ಭೂಸ್ವಾಧೀನ ಬೇಡ, ಕಾಂಕ್ರೀಟಿನ ರನ್‌ವೇ ಬೇಡ, ಪ್ರವಾಸಿಗನಿಗೆ ಕಡಲು–ಕಾಡುಗಳ ವಿಹಂಗಮ ನೋಟ ಸಿಗುತ್ತದೆ ಎಂಬುದು ಯೋಜನೆಯ ಪರವಾದ ವಾದ. ನೀರು ಯಾರಿಗೂ ಸೇರದ ಬಯಲೆಂಬ ಎಣಿಕೆ ಈ ವಾದದ ಬುಡದಲ್ಲಿದೆ.

ಸೀಪ್ಲೇನ್ ಏರಿಳಿಯಲು ದೋಣಿಯಿಲ್ಲದ, ಬಲೆಯಿಲ್ಲದ, ನೇರವಾದ ಉದ್ದನೆಯ ನೀರಿನ ಪಟ್ಟಿ ಬೇಕು. ಕಾರವಾರದ ಬಳಿ ಕಾಳಿ ಕಡಲು ಸೇರುವಲ್ಲಿ ಕಾಂಡ್ಲಾವನಗಳಿವೆ, ಮೀನುಗಾರರ ದೋಣಿಗಳಿವೆ. ಅಂಥ ಪಟ್ಟಿಯನ್ನು ತೆರವು ಮಾಡಬೇಕಾದವರು ಯಾರು? ಕೇರಳದಲ್ಲಿ 2013ರ ಜೂನ್‌ನಲ್ಲಿ ಈ ಸೇವೆಗೆ ಚಾಲನೆ ದೊರೆತಾಗ ಆಲಪ್ಪುಳದ ಮೀನುಗಾರರ ಪ್ರತಿಭಟನೆಯಿಂದ ಅದು ಮುಂದುವರಿಯಲಿಲ್ಲ. 2024ರ ನವೆಂಬರ್‌ನಲ್ಲಿ ಕೊಚ್ಚಿಯಿಂದ ಮಾಟ್ಟುಪೆಟ್ಟಿ ಜಲಾಶಯಕ್ಕೆ ಪ್ರಾಯೋಗಿಕ ಹಾರಾಟ ನಡೆದಾಗ ಆನೆಗಳ ಸಂಚಾರವನ್ನು ಮುಂದಿಟ್ಟು ಆಕ್ಷೇಪಿಸಿದ್ದು ಸ್ವತಃ ಅರಣ್ಯ ಇಲಾಖೆ. ಗುಜರಾತಿನಲ್ಲಂತೂ ಸೀಪ್ಲೇನಿಗಾಗಿ 2019ರಲ್ಲಿ ಕೆವಡಿಯಾದ ಕೊಳದಿಂದ ಮೊಸಳೆಗಳನ್ನೇ ಹಿಡಿದು ಸಾಗಿಸಲಾಯಿತು. 2020ರ ಅಕ್ಟೋಬರ್ 31ರಂದು ಆರಂಭವಾದ ಆ ಸೇವೆ ಮರುವರ್ಷ ಏಪ್ರಿಲ್‌ನಲ್ಲಿ ನಿಂತಿತು. ವಿಮಾನ ಹೋಯಿತು, ಮೊಸಳೆಯ ನೆಲೆಯೂ ಹೋಯಿತು!

ಲಿಂಗನಮಕ್ಕಿಯ ವಿಚಾರ ಇನ್ನೂ ವಿಚಿತ್ರ. 1964ರಲ್ಲಿ ತುಂಬಿದ ಆ ಹಿನ್ನೀರಿನಡಿ ಊರು, ತೋಟ, ಗದ್ದೆಗಳಿವೆ. ಅಲ್ಲಿಂದ ಎದ್ದುಹೋದ ಎಷ್ಟೋ ಕುಟುಂಬಗಳು ಪುನರ್ವಸತಿ ಭೂಮಿಯ ಹಕ್ಕುಪತ್ರಕ್ಕೆ ಇಂದಿಗೂ ಅಲೆಯುತ್ತಿವೆ. ತುಮರಿ ಸೀಮೆಯ ಜನ ಆಸ್ಪತ್ರೆಗೂ ಪೇಟೆಗೂ ಲಾಂಚ್ ಕಾಯುತ್ತ ಆರು ದಶಕ ಕಳೆದರು. ಸಿಗಂದೂರು ಸೇತುವೆ ಉದ್ಘಾಟನೆಗೊಂಡದ್ದು 2025ರ ಜುಲೈ 14ರಂದು. ಬೇಸಿಗೆಯಲ್ಲಿ ನೀರಿಳಿದರೆ ಮುಳುಗಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಕಾಣಿಸಿಕೊಳ್ಳುತ್ತದೆ. 2023ರ ಜೂನ್‌ನಲ್ಲಿ ಲಾಂಚ್‌ಗೆ ವಾಹನ ಹತ್ತಿಸುವುದನ್ನೂ ನಿಲ್ಲಿಸಬೇಕಾಯಿತು. ಲಾಂಚಿಗೇ ಸಾಲದ ನೀರಿನಲ್ಲಿ ವಿಮಾನ ಇಳಿಯುವುದು ವರ್ಷದ ಎಷ್ಟು ತಿಂಗಳು? ಮಳೆಗಾಲದ ಮಲೆನಾಡಿನ ಮಂಜಿನಲ್ಲಿ ಅದು ಹಾರುವುದೂ ಅನುಮಾನವೇ.

ಆಲಮಟ್ಟಿಯೂ ಮುಳುಗಡೆಯ ನೀರೇ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಪ್ರವಾಸಿಗಳ ಹಂಗಾಮೂ ಅದೇ. ಹಕ್ಕಿಗಳ ಹಿಂಡಿನ ನಡುವೆ ವಿಮಾನ ಹಾರುವುದು ಹಕ್ಕಿಗೂ ಅಪಾಯ, ಪ್ರಯಾಣಿಕನಿಗೂ ಅಪಾಯ.

ಪ್ರವಾಸೋದ್ಯಮ ಬೇಡವೆಂದು ಮಲೆನಾಡಿಗರಾಗಲಿ ಕರಾವಳಿಯವರಾಗಲಿ ಹೇಳಿಲ್ಲ. ಆದರೆ ಜೆಟ್ಟಿ ಕಟ್ಟುವ ಮೊದಲು ದಡದ ಗ್ರಾಮಸಭೆಗಳಲ್ಲಿ ನಕಾಶೆಯನ್ನಿಟ್ಟು, ದೋಣಿಗೆ ಯಾವ ಹೊತ್ತು ಎಲ್ಲಿ ನಿರ್ಬಂಧವಿದೆ, ನಷ್ಟಕ್ಕೆ ಹೊಣೆ ಯಾರು ಎಂಬುದನ್ನು ಕನ್ನಡದಲ್ಲಿ, ಬರಹದಲ್ಲಿ ತಿಳಿಸಬೇಕು. ಸಭೆ ಒಪ್ಪದಿದ್ದಲ್ಲಿ ಆ ತಾಣದ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು.